ಹಾವು ಕಡಿತ: ಲೆಕ್ಕಕ್ಕೆ ಬಾರದ ಸಾವುಗಳು

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಿಂದ ಸಾಹಿತ್ಯ, ಗಡಿಪ್ರಶ್ನೆ, ಹೊರನಾಡ ಮಕ್ಕಳ ಕನ್ನಡ ಶಿಕ್ಷಣ ಮುಂತಾದ ವಿಷಯಗಳನ್ನು ಕುರಿತು ಮಾತನಾಡುವುದು ರೂಢಿ. ಕಾರ್ಯದರ್ಶಿಗಳು ನನ್ನನ್ನು ಆಹ್ವಾನಿಸಿದಾಗ ಅಂಥದೇ ಒಂದು ವಿಷಯವನ್ನು ನಿರೀಕ್ಷಿಸಿದ್ದರು. ಹಾವು ಕಡಿತವನ್ನು ಕುರಿತು ಮಾತನಾಡುತ್ತೇನೆಂದಾಗ ಅವರು ಕ್ಷಣಕಾಲ ಸುಮ್ಮನಾದರು. ಬಳಿಕ, "ಮುಂಬಯಿಯಲ್ಲಿ ಹಾವೆಲ್ಲಿವೆ ಸ್ವಾಮಿ?" ಎಂದರು. ಬೊರಿವಲಿಯಲ್ಲಿ ರಾಷ್ಟ್ರೀಯ ಉದ್ಯಾನದ ಬೇಲಿಗೆ ಅಂಟಿಕೊಂಡು ವಾಸಿಸುವ ನಮ್ಮ ಸದಸ್ಯರು ಈ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಾರು. ನನ್ನ ಉತ್ತರ ಇಷ್ಟೆ: ನಾವು ಮುಂಬಯಿಯಲ್ಲಿದ್ದೇವೆ, ನಮ್ಮ ಹೊಲ ಊರಿನಲ್ಲಿದೆ. ಆ ಹೊಲದಲ್ಲಿ ಬರಿಗಾಲಿನಲ್ಲಿ ನಡೆಯುವವರು ನಾವಲ್ಲ, ಬೇರೆಯವರು. ಆದ್ದರಿಂದ ಈ ವಿಷಯ ನಮ್ಮ ಸಂಘಕ್ಕೆ ಹೊರಗಿನದಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ವೈದ್ಯನಲ್ಲ. ಕೇಂದ್ರ ಸರ್ಕಾರದ ಸೇವೆಯಲ್ಲಿ ಅಂಕಿಅಂಶಗಳ ಕಡತಗಳ ನಡುವೆ ಆಯುಷ್ಯ ಕಳೆದವನು. ಇಲ್ಲಿ ಆಡುವ ಮಾತುಗಳು ನನ್ನವು, ನನ್ನ ಇಲಾಖೆಯವಲ್ಲ.

1979ರ ಶ್ರಾವಣ ಮಾಸ. ನಾನಾಗ ಹತ್ತು ವರ್ಷದವನು. ಅಂದಿನ ಅವಿಭಜಿತ ಧಾರವಾಡ ಜಿಲ್ಲೆಗೆ ಸೇರಿದ್ದು 1997ರಿಂದ ಹಾವೇರಿ ಜಿಲ್ಲೆಗೆ ಸೇರಿದ ಒಂದು ಹಳ್ಳಿ ನನ್ನ ಹುಟ್ಟೂರು. ಹಾವೇರಿ ಎಂಬ ಹೆಸರೇ ‘ಹಾವು ಕೇರಿ’ ಎಂಬುದರಿಂದ ಬಂದಿತೆಂದು ನಮ್ಮ ಕಡೆ ಹೇಳುವುದುಂಟು. ನಮ್ಮ ಮನೆಯಲ್ಲಿ ದುಡಿಯುತ್ತಿದ್ದ ಆಳಿನ ಮಗನೊಬ್ಬ ನನಗಿಂತ ಮೂರು ವರ್ಷ ದೊಡ್ಡವನು. ದನ ಕಾಯುತ್ತಿದ್ದ. ಮಳೆಗಾಲದಲ್ಲಿ ಅವರ ಗುಡಿಸಲು ಸೋರುತ್ತಿದ್ದುದರಿಂದ ರಾತ್ರಿ ನಮ್ಮ ಪಡಸಾಲೆಯಲ್ಲಿಯೇ ಮಲಗುತ್ತಿದ್ದ. ನಾನು ಹೊರಸಿನ ಮೇಲೆ, ಅವನು ಕೆಳಗೆ ನೆಲದ ಮೇಲೆ ಕೌದಿ ಹಾಸಿಕೊಂಡು. ಗೋಡೆಯ ಪಕ್ಕದಲ್ಲಿ ಜೋಳದ ಚೀಲಗಳನ್ನು ಒಟ್ಟಿದ್ದರು.

ನಾಗರಪಂಚಮಿ ಮುಗಿದ ಮೂರನೆಯ ದಿನ ಬೆಳಗಿನ ಜಾವ ಅವನು ಹೊಟ್ಟೆನೋವೆಂದು ನರಳತೊಡಗಿದ. "ಪಂಚಮಿ ಉಂಡಿ ಹೆಚ್ಚು ತಿಂದಾನ, ಅದಕ್ಕ ಹೊಟ್ಟಿ ನೋಯ್ತೈತಿ" ಎಂದು ನಮ್ಮ ಅಜ್ಜಿ ಅಜವಾನದ ನೀರು ಕುಡಿಸಿದಳು. ಅವನಿಗೆ ನುಂಗಲಾಗಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅವನ ರೆಪ್ಪೆಗಳು ಇಳಿಬಿದ್ದಿದ್ದವು. ನಿದ್ದೆಗಣ್ಣು ಎಂದರು. ಮಾತು ತೊದಲಿತು, ಆಗ ಗಾಳಿ ಸೋಕಿದೆ ಎಂದರು. ಮೈಮೇಲೆ ಎಲ್ಲಿಯೂ ಗಾಯವಿರಲಿಲ್ಲ. ಪಕ್ಕದ ಊರಿನ ಮಂತ್ರಗಾರನಲ್ಲಿಗೆ ಚಕ್ಕಡಿಯಲ್ಲಿ ಕರೆದೊಯ್ದರು. ಮಧ್ಯಾಹ್ನದೊಳಗೆ ಉಸಿರು ನಿಂತಿತು. ಮಾರನೆಯ ದಿನ ಜೋಳದ ಚೀಲ ಸರಿಸುವಾಗ ಕರಿಯ ಮೈಮೇಲೆ ಬಿಳಿಯ ಗೆರೆಗಳಿದ್ದ ಒಂದು ಕಟ್ಟುಹಾವು ಕಂಡಿತು. ಅದನ್ನು ಕೊಂದರು. ಆಗಲೂ ಯಾರೂ ಅದನ್ನೂ ಇದನ್ನೂ ಕೂಡಿಸಿ ನೋಡಲಿಲ್ಲ.

ಮೂವತ್ತು ವರ್ಷಗಳ ಬಳಿಕ, ಜಮೀನಿನ ವಾರಸಾ ಕೆಲಸಕ್ಕಾಗಿ ಅದೇ ವರ್ಷ ತೀರಿಕೊಂಡಿದ್ದ ನಮ್ಮ ಅಜ್ಜನ ಮರಣದ ದಾಖಲೆಯನ್ನು ಹುಡುಕುತ್ತ ಹಳೆಯ ಮರಣ ನೋಂದಣಿ ಪುಸ್ತಕವನ್ನು ತಿರುವಿ ಹಾಕುವ ಪ್ರಸಂಗ ಬಂದಿತು. ಅಜ್ಜನ ಹೆಸರಿಗಿಂತ ಎರಡು ಸಾಲು ಮೇಲೆ ಆ ಹುಡುಗನ ಹೆಸರಿತ್ತು. ಮರಣದ ಕಾರಣ ಎಂಬ ಅಂಕಣದಲ್ಲಿ ತಲಾಠಿಯವರು ಅಂದವಾದ ಅಕ್ಷರಗಳಲ್ಲಿ ‘ಹೊಟ್ಟೆಬೇನೆ’ ಎಂದು ಬರೆದಿದ್ದರು. ಅವರದೇನೂ ತಪ್ಪಿಲ್ಲ. ಮನೆಯವರಾದ ನಾವು ಹೇಳಿದ್ದನ್ನೇ ಅವರು ಬರೆದಿದ್ದರು. ಆದರೆ ವೃತ್ತಿಯಿಂದ ಅಂಕಿಅಂಶಗಳನ್ನು ನಂಬುವ ನಾನು ಆ ದಿನ ಆ ಪುಸ್ತಕವನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆ. ದೇಶದ ಲೆಕ್ಕದಲ್ಲಿ ಆ ಹುಡುಗ ಹಾವು ಕಡಿದು ಸತ್ತವನಲ್ಲ. ಹಾಗಾದರೆ ಇಂಥವರು ಇನ್ನೆಷ್ಟು ಮಂದಿ?

ಈ ಪ್ರಶ್ನೆಗೆ ಸರ್ಕಾರದಲ್ಲಿಯೇ ಎರಡು ಉತ್ತರಗಳಿವೆ. ಕೇಂದ್ರ ಆರೋಗ್ಯ ಮಾಹಿತಿ ಬ್ಯೂರೋದ 2016ರಿಂದ 2020ರವರೆಗಿನ ವರದಿಗಳ ಪ್ರಕಾರ ದೇಶದಲ್ಲಿ ವರ್ಷಕ್ಕೆ ಸರಾಸರಿ 3 ಲಕ್ಷ ಹಾವು ಕಡಿತದ ಪ್ರಕರಣಗಳು, ಸುಮಾರು 2,000 ಸಾವುಗಳು. ಇದು ಆಸ್ಪತ್ರೆಗಳು ಕಳುಹಿಸಿದ ಲೆಕ್ಕ. ಎರಡನೆಯದು ಭಾರತದ ರಿಜಿಸ್ಟ್ರಾರ್ ಜನರಲ್ ಅವರ ಕಚೇರಿ ವಿಜ್ಞಾನಿಗಳೊಡನೆ ಸೇರಿ ನಡೆಸಿದ ‘ಹತ್ತು ಲಕ್ಷ ಸಾವುಗಳ ಅಧ್ಯಯನ’ದ ಲೆಕ್ಕ. 2020ರಲ್ಲಿ ಪ್ರಕಟವಾದ ಇದರ ಫಲಿತಾಂಶದಂತೆ 2000ದಿಂದ 2019ರವರೆಗೆ ಹಾವು ಕಡಿತದಿಂದ ಸತ್ತ ಭಾರತೀಯರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000. ದಿನಕ್ಕೆ ಸುಮಾರು 160 ಮಂದಿ. ಒಂದು ಲೆಕ್ಕಕ್ಕೂ ಇನ್ನೊಂದಕ್ಕೂ ಇಪ್ಪತ್ತೊಂಬತ್ತು ಪಟ್ಟು ಅಂತರ.

ಈ ಅಂತರ ಏಕೆ ಬಂದಿತೆಂಬುದನ್ನು ಸ್ವಲ್ಪ ವಿವರಿಸಬೇಕು. ಆಸ್ಪತ್ರೆಯ ಲೆಕ್ಕವು ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸುತ್ತದೆ. ರಿಜಿಸ್ಟ್ರಾರ್ ಜನರಲ್ ಅವರ ಪದ್ಧತಿ ಬೇರೆ. ದೇಶದಾದ್ಯಂತ ಮಾದರಿಯಾಗಿ ಆಯ್ದ ಹಳ್ಳಿಗಳಲ್ಲಿ, ವಾರ್ಡುಗಳಲ್ಲಿ ಸಾವು ಸಂಭವಿಸಿದ ಪ್ರತಿಯೊಂದು ಮನೆಗೂ ಗಣತಿಯವರು ಹೋಗುತ್ತಾರೆ. ಏನಾಯಿತು, ಹೇಗಾಯಿತು ಎಂಬುದನ್ನು ಮನೆಯವರ ಮಾತಿನಲ್ಲಿಯೇ ಬರೆದುಕೊಳ್ಳುತ್ತಾರೆ. ಆ ಹೇಳಿಕೆಯನ್ನು ಇಬ್ಬರು ವೈದ್ಯರು ಒಬ್ಬರಿಗೊಬ್ಬರು ತಿಳಿಯದಂತೆ ಓದಿ ಕಾರಣವನ್ನು ನಿರ್ಧರಿಸುತ್ತಾರೆ. ಹೀಗೆ 2001ರಿಂದ 2014ರವರೆಗೆ ವಿಚಾರಿಸಿದ 6 ಲಕ್ಷಕ್ಕೂ ಮಿಕ್ಕ ಸಾವುಗಳಲ್ಲಿ 2,833 ಹಾವು ಕಡಿತದವೆಂದು ಕಂಡುಬಂದವು. ಅದರಿಂದ ಕಟ್ಟಿದ ಅಂದಾಜು ಇದು. ಇದೇ ಅಧ್ಯಯನದ ಮೊದಲ ಹಂತ, 2005ನೆಯ ಇಸವಿಯನ್ನು ಕುರಿತದ್ದು, 2011ರಲ್ಲಿ ಪ್ರಕಟವಾಗಿತ್ತು. ಸತ್ತವರಲ್ಲಿ ನೂರಕ್ಕೆ ತೊಂಬತ್ತೇಳು ಮಂದಿ ಹಳ್ಳಿಯವರು, ನಾಲ್ಕರಲ್ಲಿ ಮೂರು ಪಾಲು ಸಾವುಗಳು ಸಂಭವಿಸಿದ್ದು ಆಸ್ಪತ್ರೆಯ ಹೊರಗೆ ಎಂದು ಅದು ತೋರಿಸಿಕೊಟ್ಟಿತು. ಮನೆಯಲ್ಲಿ, ಮಂತ್ರಗಾರನ ಜಗಲಿಯಲ್ಲಿ, ಚಕ್ಕಡಿಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಸತ್ತವರು ಯಾವ ಆಸ್ಪತ್ರೆಯ ಲೆಕ್ಕಕ್ಕೂ ಬರುವುದಿಲ್ಲ.

ಸತ್ತವರು ಯಾರು? ಅರ್ಧದಷ್ಟು ಮಂದಿ ಮೂವತ್ತರಿಂದ ಅರವತ್ತೊಂಬತ್ತು ವಯಸ್ಸಿನವರು, ಎಂದರೆ ಸಂಸಾರದ ನೊಗ ಹೊತ್ತವರು. ಕಾಲುಪಾಲಿಗಿಂತ ಹೆಚ್ಚು ಹದಿನೈದು ದಾಟದ ಮಕ್ಕಳು. ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಬಿತ್ತನೆ, ಕಳೆ ತೆಗೆಯುವ ಕಾಲದಲ್ಲಿ. ಇದನ್ನು ರೋಗ ಎನ್ನುವುದಕ್ಕಿಂತ ಬಡ ಬೇಸಾಯದ ವೃತ್ತಿಯ ಅಪಾಯ ಎನ್ನುವುದೇ ಹೆಚ್ಚು ಸರಿ. ಗಣಿಯಲ್ಲಿ ಅಥವಾ ಕಾರ್ಖಾನೆಯಲ್ಲಿ ವರ್ಷಕ್ಕೆ ಇಷ್ಟು ಮಂದಿ ಸತ್ತಿದ್ದರೆ ದೇಶ ಸುಮ್ಮನಿರುತ್ತಿರಲಿಲ್ಲ. ಇಲ್ಲಿ ಸಾಯುವವರು ಒಟ್ಟಿಗೆ ಸಾಯುವುದಿಲ್ಲ. ಒಂದು ಊರಿನಲ್ಲಿ ಒಬ್ಬ, ಮುಂದಿನ ತಾಲ್ಲೂಕಿನಲ್ಲಿ ಇನ್ನೊಬ್ಬ. ಪತ್ರಿಕೆಯ ಒಳಪುಟದಲ್ಲಿ ಎರಡು ಸಾಲು, ಅಷ್ಟೆ.

ಇನ್ನು ಹಾವುಗಳ ಕಡೆಗೆ ತಿರುಗೋಣ. ನಮ್ಮ ದೇಶದಲ್ಲಿ ಮುನ್ನೂರಕ್ಕೂ ಮಿಕ್ಕ ಬಗೆಯ ಹಾವುಗಳಿವೆಯಾದರೂ ಬಹುತೇಕ ಸಾವುಗಳಿಗೆ ಕಾರಣವಾಗುವವು ನಾಲ್ಕೇ: ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ಮೊದಲಿನ ಎರಡರ ವಿಷ ಮುಖ್ಯವಾಗಿ ನರಗಳಿಗೆ ಸಂಬಂಧಿಸಿದ್ದು. ರೆಪ್ಪೆ ಇಳಿಯುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ನಾಗರ ಕಚ್ಚಿದ ಜಾಗದಲ್ಲಿ ನೋವೂ ಊತವೂ ಇರುತ್ತವೆ. ಕಟ್ಟುಹಾವು ಕಚ್ಚಿದ್ದು ಎಷ್ಟೋ ವೇಳೆ ತಿಳಿಯುವುದೇ ಇಲ್ಲ. ಅದು ರಾತ್ರಿ ಸಂಚರಿಸುವ ಹಾವು, ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರುತ್ತದೆ. ಹಲ್ಲಿನ ಗುರುತು ಸೊಳ್ಳೆ ಕಚ್ಚಿದಂತಿರಬಹುದು, ಇಲ್ಲದೆಯೂ ಇರಬಹುದು. ಬೆಳಗಿನ ಜಾವದ ಹೊಟ್ಟೆನೋವೇ ಎಷ್ಟೋ ಸಲ ಮೊದಲ ಚಿಹ್ನೆ. ಇದನ್ನು ಓದಿದ ದಿನ ನನಗೆ ನಮ್ಮ ಪಡಸಾಲೆ ನೆನಪಾಯಿತು. ವೈದ್ಯರು ಹೇಳುವ ಇನ್ನೊಂದು ಸಂಗತಿಯಿದೆ. ಈ ವಿಷ ಸ್ನಾಯುಗಳನ್ನು ಕಟ್ಟಿಹಾಕುತ್ತದೆಯೇ ಹೊರತು ಪ್ರಜ್ಞೆಯನ್ನು ಅಳಿಸುವುದಿಲ್ಲ. ರೆಪ್ಪೆ ಎತ್ತಲಾಗದೆ ಮಲಗಿದ್ದ ಆ ಹುಡುಗ, ಉಂಡಿ ಹೆಚ್ಚಾಯಿತೆಂದು ನಾವು ಆಡಿಕೊಂಡದ್ದನ್ನು ಕೇಳಿಸಿಕೊಂಡಿರಬೇಕು.

ಮಂಡಲದ ಹಾವುಗಳ ವಿಷ ರಕ್ತವನ್ನು ಕೆಡಿಸುತ್ತದೆ. ರಕ್ತ ಹೆಪ್ಪುಗಟ್ಟುವ ಗುಣವನ್ನು ಕಳೆದುಕೊಂಡು ವಸಡು, ಮೂತ್ರಗಳಲ್ಲಿ ಹರಿಯತೊಡಗುತ್ತದೆ. ಕೊಳಕು ಮಂಡಲ ಕಚ್ಚಿದವರಲ್ಲಿ ಹಲವರ ಮೂತ್ರಪಿಂಡ ಸೋಲುತ್ತದೆ. ಇದನ್ನು ಪತ್ತೆಹಚ್ಚಲು ದೊಡ್ಡ ಯಂತ್ರ ಬೇಕಿಲ್ಲ. ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ತೆಗೆದುಕೊಂಡು ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡಬೇಕು. ಬಳಿಕ ಓರೆ ಮಾಡಿದಾಗ ರಕ್ತ ನೀರಿನಂತೆ ಹರಿದರೆ ವಿಷವೇರಿದೆ ಎಂದರ್ಥ. ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೇಕಾದರೂ ಮಾಡಬಹುದಾದ ಪರೀಕ್ಷೆ ಇದು.

ಮದ್ದಿಲ್ಲವೆ? ಇದೆ, ನೂರು ವರ್ಷಕ್ಕೂ ಹಿಂದಿನಿಂದ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಫ್ರೆಂಚ್ ವಿಜ್ಞಾನಿ ಆಲ್ಬೆರ್ ಕಾಲ್ಮೆಟ್ ಹಾವಿನ ವಿಷಕ್ಕೆ ಪ್ರತಿವಿಷವನ್ನು ಸಿದ್ಧಪಡಿಸಿದರು. ಕುದುರೆಗೆ ಅಲ್ಪ ಪ್ರಮಾಣದಲ್ಲಿ ವಿಷವನ್ನು ಚುಚ್ಚಿ, ಅದರ ಮೈಯಲ್ಲಿ ರೋಧಶಕ್ತಿ ಬೆಳೆದ ಮೇಲೆ ರಕ್ತ ತೆಗೆದು, ಅದರಿಂದ ಮದ್ದನ್ನು ಬೇರ್ಪಡಿಸುವ ಅದೇ ತತ್ತ್ವ ಇಂದಿಗೂ ನಡೆದಿದೆ. ನಾವು ದಿನವೂ ರೈಲಿನಲ್ಲಿ ಹಾದುಹೋಗುವ ಪರೇಲಿನಲ್ಲಿಯೇ 1899ರಲ್ಲಿ ಪ್ಲೇಗು ಸಂಶೋಧನೆಗೆಂದು ಆರಂಭವಾದ ಹಾಫ್‌ಕಿನ್ ಸಂಸ್ಥೆ ಈ ಮದ್ದಿನ ಇತಿಹಾಸದಲ್ಲಿ ದೊಡ್ಡ ಹೆಸರು. ಇಂದು ಭಾರತದಲ್ಲಿ ತಯಾರಾಗುವ ಮದ್ದು ನಾಲ್ಕೂ ಹಾವುಗಳಿಗೆ ಒಂದೇ. ಅದಕ್ಕೆ ಬೇಕಾದ ವಿಷದ ಬಹುಪಾಲನ್ನು ಒದಗಿಸುವವರು ಚೆನ್ನೈ ಬಳಿಯ ಇರುಳರು. 1978ರಲ್ಲಿ ಸ್ಥಾಪನೆಯಾದ ಅವರ ಸಹಕಾರ ಸಂಘದವರು ಹಾವನ್ನು ಹಿಡಿದು, ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಅವರಲ್ಲಿ ಇಬ್ಬರಿಗೆ, ವಡಿವೇಲ್ ಗೋಪಾಲ್ ಮತ್ತು ಮಾಸಿ ಸದೈಯನ್ ಅವರಿಗೆ, 2023ರಲ್ಲಿ ಪದ್ಮಶ್ರೀ ದೊರೆಯಿತು.

ಮದ್ದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹಾಗಿದ್ದೂ ಜನ ಸಾಯುತ್ತಾರೆಂದರೆ ಕೊಲ್ಲುತ್ತಿರುವುದು ಹಾವೊಂದೇ ಅಲ್ಲ. ಹಾಸಿಗೆಯಿಂದ ಮದ್ದಿನವರೆಗಿನ ದಾರಿಯೂ ಕೊಲ್ಲುತ್ತಿದೆ. ಆ ದಾರಿಯಲ್ಲಿ ಮೂರು ಕಡೆ ತಡವಾಗುತ್ತದೆ.

ಮೊದಲನೆಯದು ನಂಬಿಕೆಯ ತಡ. ಮಂತ್ರಗಾರನನ್ನು ಗೇಲಿ ಮಾಡುವುದು ಸುಲಭ. ಆದರೆ ಅವನ ಮೇಲೆ ಜನರಿಗೆ ನಂಬಿಕೆ ಏಕೆ ಬಂದಿತೆಂದು ನಾವು ಯೋಚಿಸುವುದಿಲ್ಲ. ಕಚ್ಚುವ ಹಾವುಗಳಲ್ಲಿ ಬಹಳಷ್ಟು ವಿಷರಹಿತ. ವಿಷದ ಹಾವು ಕಚ್ಚಿದಾಗಲೂ ಕೆಲವು ಸಲ ವಿಷವನ್ನು ಒಳಗೆ ಬಿಟ್ಟಿರುವುದಿಲ್ಲ. ಹೀಗೆ ಏನೂ ಮಾಡದಿದ್ದರೂ ಬದುಕುತ್ತಿದ್ದವರು ಮಂತ್ರ ಹಾಕಿಸಿಕೊಂಡು ಬದುಕುತ್ತಾರೆ, ಮಂತ್ರದ ಕೀರ್ತಿ ಬೆಳೆಯುತ್ತದೆ. ಉಳಿದವರು ಸತ್ತರೆ ಅದು ಹಣೆಬರಹ, ಇಲ್ಲವೆ ನಾಗದೋಷ. ಇದರ ಜೊತೆಗೆ ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕುಯ್ಯುವುದು, ಬಾಯಿಂದ ಹೀರುವುದು. ಇವೆಲ್ಲ ಕೆಡುಕನ್ನೇ ಮಾಡುತ್ತವೆ. ರಕ್ತ ಹೆಪ್ಪುಗಟ್ಟದವನನ್ನು ಕುಯ್ದರೆ ರಕ್ತಸ್ರಾವ ನಿಲ್ಲುವುದಿಲ್ಲ. ಬಿಗಿದ ಕಟ್ಟಿನಿಂದ ಅಂಗವೇ ಕೊಳೆತು ಕತ್ತರಿಸಬೇಕಾಗುತ್ತದೆ. ಪಂಚಮಿಯಂದು ಕಲ್ಲಿನ ನಾಗನಿಗೆ ಹಾಲೆರೆದು ಜೀವಂತ ಹಾವು ಕಂಡರೆ ಕೋಲು ಹುಡುಕುವ ನಮ್ಮ ವೈರುದ್ಧ್ಯವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಗುರುತಿಸಿದ್ದರು. ಆ ಹಾವು ಕಚ್ಚಿದ ಮನುಷ್ಯನ ಬಗೆಗೆ ನಾವು ತಾಳಿರುವ ಉದಾಸೀನವನ್ನೂ ಇಂದು ಅದಕ್ಕೆ ಸೇರಿಸಿಕೊಳ್ಳಬೇಕು.

ಎರಡನೆಯದು ದೂರದ ತಡ. ರಾತ್ರಿ ಹತ್ತಕ್ಕೆ ಹೊಲದಲ್ಲಿ ಕಚ್ಚಿದರೆ ರಸ್ತೆಗೆ ಬರಲು ಒಂದು ತಾಸು, ವಾಹನಕ್ಕೆ ಇನ್ನೊಂದು. ಕರ್ನಾಟಕದಲ್ಲಿ 2008ರಿಂದ 108ರ ಆಂಬುಲೆನ್ಸ್ ಇದೆ, ನಿಜ. ಅದು ಹೊಲದ ಬದುವಿನವರೆಗೆ ಬರಲಾರದು. ನೇಪಾಳದ ತರಾಯಿ ಪ್ರದೇಶದಲ್ಲಿ ಹಳ್ಳಿಯ ಯುವಕರೇ ಮೋಟಾರ್‌ಸೈಕಲ್ಲಿನಲ್ಲಿ ಕಡಿತಕ್ಕೊಳಗಾದವರನ್ನು ನಡುವೆ ಕೂರಿಸಿಕೊಂಡು ಚಿಕಿತ್ಸಾ ಕೇಂದ್ರಕ್ಕೆ ಒಯ್ಯುವ ವ್ಯವಸ್ಥೆ ಮಾಡಿದರು, ಜೊತೆಗೆ ಊರಿನವರಿಗೆ ತಿಳಿವಳಿಕೆ ಕೊಟ್ಟರು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಹೊಸ ಮದ್ದಿಲ್ಲ, ಹೊಸ ಕಟ್ಟಡವಿಲ್ಲ. ಬೈಕು ಮತ್ತು ಮನಸ್ಸು, ಅಷ್ಟೆ.

ಮೂರನೆಯದು ಆಸ್ಪತ್ರೆಯ ಬಾಗಿಲಿನ ತಡ. ಕುದುರೆಯ ರಕ್ತದಿಂದ ಮಾಡಿದ ಮದ್ದು ಕೆಲವರಿಗೆ ಒಗ್ಗದೆ ರಕ್ತದೊತ್ತಡ ಕುಸಿಯಬಹುದು. ಅದಕ್ಕೆ ಅಡ್ರಿನಲಿನ್ ಚುಚ್ಚುಮದ್ದು ಕೈಯಳತೆಯಲ್ಲಿದ್ದರೆ ಸಾಕು. ಆದರೆ ಒಬ್ಬಂಟಿ ಕಿರಿಯ ವೈದ್ಯ, ಹೊರಗೆ ನೆರೆದ ಐವತ್ತು ಜನ ಸಂಬಂಧಿಕರು. ಅವನು ಹೆದರುತ್ತಾನೆ. ಮದ್ದು ಕಪಾಟಿನಲ್ಲಿದ್ದರೂ ‘ಜಿಲ್ಲಾ ಆಸ್ಪತ್ರೆಗೆ ಒಯ್ಯಿರಿ’ ಎಂದು ಚೀಟಿ ಬರೆಯುತ್ತಾನೆ. ದಾರಿಯಲ್ಲಿ ರೋಗಿ ಸಾಯುತ್ತಾನೆ. ಮೊದಲಿಗೇ ಎಂಟರಿಂದ ಹತ್ತು ಸೀಸೆ ಕೊಡಬೇಕು, ಹಾವು ಮಗುವಿಗೆಂದು ಕಡಿಮೆ ವಿಷ ಬಿಡುವುದಿಲ್ಲವಾದ್ದರಿಂದ ಮಗುವಿಗೂ ದೊಡ್ಡವರಷ್ಟೇ ಮದ್ದು ಬೇಕು ಎಂಬ ಸರಳ ಸಂಗತಿಗಳೂ ಎಲ್ಲೆಡೆ ತಲುಪಿಲ್ಲ. ಕಟ್ಟುಹಾವಿನ ವಿಷದಿಂದ ಉಸಿರು ನಿಂತವನಿಗೆ ಕೈಯಿಂದ ಒತ್ತುವ ಗಾಳಿಚೀಲದಲ್ಲಿ ಉಸಿರು ಕೊಡುತ್ತ ದೊಡ್ಡ ಆಸ್ಪತ್ರೆಗೆ ಮುಟ್ಟಿಸಿದರೆ ಅವನು ಬದುಕಬಲ್ಲ.

ಧೈರ್ಯವಿದ್ದ ವೈದ್ಯ ಏನು ಮಾಡಬಲ್ಲನೆಂಬುದಕ್ಕೆ ನಿದರ್ಶನ ನಮ್ಮ ನೆರೆಯಲ್ಲಿಯೇ ಇದೆ. ಇಲ್ಲಿಂದ ಗೋವಾ ಹೆದ್ದಾರಿಯಲ್ಲಿ ಕರಾವಳಿಗೆ ಹೋಗುವವರು ಮಹಾಡ ಊರನ್ನು ಹಾದಿರುತ್ತೀರಿ. ಆ ಭಾಗದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1970ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಾಗಿ ಸೇರಿದರು. ಕೊಂಕಣದ ಕೆಂಪು ಚೇಳು ಕುಟುಕಿ ಸಾಯುತ್ತಿದ್ದವರ ಪಕ್ಕದಲ್ಲಿ ರಾತ್ರಿಯಿಡೀ ಕುಳಿತು, ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆಯಿಂದ ಅವರನ್ನು ಉಳಿಸಬಹುದೆಂದು ತೋರಿಸಿಕೊಟ್ಟರು. ಹಾವು ಕಡಿತದ ಚಿಕಿತ್ಸೆಯಲ್ಲಿಯೂ ದುಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಹಳ್ಳಿಯ ಆಸ್ಪತ್ರೆಯಲ್ಲಿ ಏನೂ ಸಾಧ್ಯವಿಲ್ಲ ಎನ್ನುವವರಿಗೆ ಮಹಾಡವೇ ಉತ್ತರ.

ಮದ್ದಿನಲ್ಲಿಯೂ ಕೊರತೆಯಿದೆ ಎಂಬುದನ್ನು ಮುಚ್ಚಿಡಬಾರದು. ಒಂದು ಪ್ರದೇಶದಿಂದ ತೆಗೆದ ವಿಷದಿಂದ ಮಾಡಿದ ಮದ್ದು ಇನ್ನೊಂದು ಪ್ರದೇಶದ ಅದೇ ಜಾತಿಯ ಹಾವಿನ ವಿಷಕ್ಕೆ ಅಷ್ಟೇ ಚೆನ್ನಾಗಿ ಕೆಲಸ ಮಾಡಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಕಾರ್ತಿಕ್ ಸುನಗರ್ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಪರೀಕ್ಷೆಗಳು, ನಾಲ್ಕರ ಪಟ್ಟಿಯ ಹೊರಗಿನ ಕೆಲವು ಹಾವುಗಳ ವಿಷಕ್ಕೆ ಈಗಿನ ಮದ್ದು ಸಾಲದೆಂದು ತೋರಿಸಿವೆ. ಕೊಡಗು, ಮಲೆನಾಡಿನ ತೋಟಗಳಲ್ಲಿ ಕಾಣುವ, ಮೂಗು ಮೇಲೆದ್ದ ಗುಳಿಮಂಡಲದ ಹಾವಿಗೆ ಈ ಮದ್ದು ನಾಟುವುದಿಲ್ಲ. ಆದರೂ ಇಂದು ಕೈಯಲ್ಲಿರುವ ಮದ್ದು ಇದೊಂದೇ. ಅದು ಹೊತ್ತಿಗೆ ಸರಿಯಾಗಿ ದೊರೆತಲ್ಲಿ ಬಹುಮಂದಿ ಬದುಕುತ್ತಾರೆ.

ಆಡಳಿತ ಏನು ಮಾಡಿದೆ? ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಎಂಬ ಗಾದೆಯಂತೆ ದೀರ್ಘಕಾಲ ನಡೆದುಬಂದಿತು. 2,000 ಸಾವು ಎಂಬ ಲೆಕ್ಕ ಇರುವವರೆಗೆ 2,000 ಸಾವಿಗೆ ತಕ್ಕಷ್ಟೇ ಹಣ, ತಕ್ಕಷ್ಟೇ ಮದ್ದು, ತಕ್ಕಷ್ಟೇ ತರಬೇತಿ. ಲೆಕ್ಕ ಕಡಿಮೆಯಾದ್ದರಿಂದ ವ್ಯವಸ್ಥೆ ಕಡಿಮೆ, ವ್ಯವಸ್ಥೆ ಇಲ್ಲದ್ದರಿಂದ ಜನ ಬರುವುದಿಲ್ಲ, ಬಾರದ್ದರಿಂದ ಲೆಕ್ಕ ಮತ್ತೆ ಕಡಿಮೆ. ಈ ಚಕ್ರ ಮುರಿಯುವ ಲಕ್ಷಣಗಳು ಈಗ ಕಾಣುತ್ತಿವೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ, 2030ರೊಳಗೆ ಸಾವು ಮತ್ತು ಅಂಗವೈಕಲ್ಯಗಳನ್ನು ಅರ್ಧಕ್ಕಿಳಿಸುವ ಯೋಜನೆ ಪ್ರಕಟಿಸಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಈ ಹೆಜ್ಜೆ ಇಟ್ಟ ಮೊದಲ ರಾಜ್ಯ ನಮ್ಮದು ಎಂಬುದು ಹೆಮ್ಮೆಯ ಸಂಗತಿ. ಅದೇ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಹೊರತಂದಿತು. ನವೆಂಬರಿನಲ್ಲಿ ಎಲ್ಲ ರಾಜ್ಯಗಳೂ ಕರ್ನಾಟಕದಂತೆ ಮಾಡಬೇಕೆಂದು ಕೇಂದ್ರ ಆರೋಗ್ಯ ಇಲಾಖೆ ಪತ್ರ ಬರೆಯಿತು. ವರ್ಷಕ್ಕೆ ಸುಮಾರು 50,000 ಸಾವುಗಳೆಂದು ಆಗ ಸರ್ಕಾರವೇ ಒಪ್ಪಿಕೊಂಡಿತು. ಒಬ್ಬ ಸರ್ಕಾರಿ ನೌಕರನಾಗಿ ಹೇಳುತ್ತೇನೆ: ತಾನು ಹಿಂದೆ ಕೊಟ್ಟ ಸಂಖ್ಯೆ ಸಾಲದೆಂದು ಸರ್ಕಾರ ಒಪ್ಪುವುದು ಸಣ್ಣ ಮಾತಲ್ಲ.

ಆದರೆ ವರದಿ ಕಡ್ಡಾಯವಾಗುವುದೂ ಆಸ್ಪತ್ರೆಗೆ ಬಂದವರಿಗೆ ಮಾತ್ರ. ನಮ್ಮ ಪಡಸಾಲೆಯಲ್ಲಿ ಮಲಗಿದ್ದ ಹುಡುಗನನ್ನು ಆ ಅಧಿಸೂಚನೆ ಇಂದಿಗೂ ಮುಟ್ಟುವುದಿಲ್ಲ. ಅಲ್ಲದೆ ಇದು ಆರೋಗ್ಯ ಇಲಾಖೆಯೊಂದರ ಕೆಲಸವೂ ಅಲ್ಲ. ನಮ್ಮ ಕಡೆ ಪಂಪ್‌ಸೆಟ್ಟಿಗೆ ಮೂರು ಫೇಸಿನ ವಿದ್ಯುತ್ತನ್ನು ರಾತ್ರಿ ಕೊಡುವ ಪದ್ಧತಿ ಬಹಳ ಕಾಲದಿಂದ ಇದೆ. ಕತ್ತಲೆಯಲ್ಲಿ ರೈತ ನೀರು ತಿರುವಲು ಹೋಗಲೇಬೇಕು. ಹಗಲು ವಿದ್ಯುತ್ತು ಕೊಟ್ಟರೆ ಎಷ್ಟೋ ಕಡಿತಗಳು ತಾವಾಗಿ ತಪ್ಪುತ್ತವೆ. ವಿದ್ಯುತ್ ವೇಳಾಪಟ್ಟಿಯನ್ನು ನಿರ್ಧರಿಸುವವರಿಗೆ ಹಾವು ಕಡಿತದ ಲೆಕ್ಕ ತಲುಪಿದರೆ ತಾನೇ ಅದು ನೆನಪಾಗುವುದು?

ಕೊನೆಯದಾಗಿ, ನಾವೇನು ಮಾಡಬಹುದು? ನಮ್ಮಲ್ಲಿ ಬಹುಮಂದಿಗೆ ಊರಿನಲ್ಲಿ ಜಮೀನಿದೆ. ಪಾಲಿಗೆ, ಲಾವಣಿಗೆ ಕೊಟ್ಟು ವರ್ಷಕ್ಕೊಮ್ಮೆ ಜಾತ್ರೆಗೆ ಹೋಗಿ ಲೆಕ್ಕ ಕೇಳಿ ಬರುತ್ತೇವೆ. ಈ ಸಲ ಹೋಗುವಾಗ ನಮ್ಮ ಹೊಲ ಮಾಡುವ ಮನೆಯವರಿಗೆ ಒಂದು ಬ್ಯಾಟರಿ, ಕಣಕಾಲು ಮುಚ್ಚುವ ರಬ್ಬರ್ ಬೂಟು, ಹಾಸಿಗೆಯ ಕೆಳಗೆ ಸಿಕ್ಕಿಸಬಹುದಾದ ಸೊಳ್ಳೆಪರದೆ ಒಯ್ಯೋಣ. ಸಾಧ್ಯವಾದರೆ ಒಂದು ಮಂಚ. ಕಾಳಿನ ಚೀಲವನ್ನು ಮಲಗುವ ಜಾಗದಿಂದ ದೂರ ಇರಿಸಲು ಹೇಳೋಣ. ಚೀಲಕ್ಕೆ ಇಲಿ, ಇಲಿಯ ಹಿಂದೆ ಹಾವು. ಆ ಊರಿಗೆ ಹತ್ತಿರವಾಗಿ ಮದ್ದು ಇಟ್ಟಿರುವ, ರಾತ್ರಿ ವೈದ್ಯರಿರುವ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿ ತಿಳಿಸೋಣ. ಕಚ್ಚಿದರೆ ಕಟ್ಟಬೇಡಿ, ಕುಯ್ಯಬೇಡಿ, ಧೈರ್ಯ ಹೇಳಿ, ಮುರಿದ ಕೈಕಾಲಿಗೆ ಪಟ್ಟಿ ಕಟ್ಟುವಂತೆ ಅಂಗವನ್ನು ಅಲುಗದಂತೆ ಇರಿಸಿ, ಸಿಕ್ಕ ವಾಹನದಲ್ಲಿ ಹೊರಡಿ ಎಂದು ಹೇಳೋಣ. ಬೆಳಗಿನ ಜಾವ ಹೊಟ್ಟೆನೋವಿನೊಡನೆ ರೆಪ್ಪೆ ಇಳಿದರೆ ಗಾಯ ಹುಡುಕುತ್ತ ಕೂಡಬೇಡಿ ಎಂಬುದನ್ನು ಒತ್ತಿ ಹೇಳೋಣ. ಹಾಗಿದ್ದೂ ಸಾವು ಸಂಭವಿಸಿದರೆ ನಿಜವಾದ ಕಾರಣವನ್ನೇ ಬರೆಸುವಂತೆ ನೋಡಿಕೊಳ್ಳೋಣ. ಆ ಒಂದು ಪದ ಉಳಿದವರ ಪಾಲಿಗೆ ಮದ್ದಾಗಿ ಬಂದೀತು.

ನಮ್ಮ ಹೊರಸಿನ ಕಾಲುಗಳ ಎತ್ತರ ಒಂದೂವರೆ ಅಡಿ ಇದ್ದೀತು. ನಾನು ಇಂದು ತಮ್ಮ ಮುಂದೆ ನಿಂತು ಮಾತನಾಡುತ್ತಿರುವುದಕ್ಕೂ ಅವನು ಹದಿಮೂರನೆಯ ವಯಸ್ಸಿನಲ್ಲಿ ಹೋದುದಕ್ಕೂ ಇದ್ದ ವ್ಯತ್ಯಾಸ ಅಷ್ಟೆ. ಆ ಮರಣ ಪುಸ್ತಕದ ಸಾಲನ್ನು ತಿದ್ದುವ ಅಧಿಕಾರ ನನಗಿಲ್ಲ. ಅದಕ್ಕಾಗಿಯೇ ಇಲ್ಲಿ ಹೇಳಿದೆ.